ಒಂದೇ ಬೋಗುಣಿಯ ಅಡಿಗೆ: ಯಾವುದು ಮೊದಲು, ಯಾವುದು ಆಮೇಲೆ

ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ರೂಮು ಮಾಡಿಕೊಂಡು ಇರುವವರ ಅಡಿಗೆಮನೆ ಎಂದರೆ ಕಿಟಕಿಯ ಕೆಳಗೆ ಒಂದು ಕಟ್ಟೆ, ಒಂದು ಸಣ್ಣ ಗ್ಯಾಸ್ ಇಲ್ಲವೇ ಇಂಡಕ್ಷನ್ ಒಲೆ, ಒಂದು ಕುಕ್ಕರ್. ಐದಾರು ದಿನಕ್ಕೊಮ್ಮೆ ನಳದ ನೀರು ಬರುವ ಓಣಿಯಾದರಂತೂ ತಿಕ್ಕಬೇಕಾದ ಪಾತ್ರೆಗಳನ್ನು ಎಣಿಸಿಕೊಂಡೇ ಅಡಿಗೆಗೆ ಕೈ ಹಚ್ಚಬೇಕು. ಇಷ್ಟರಲ್ಲೇ ಹೊಟ್ಟೆ ತುಂಬ, ರುಚಿಯಾಗಿ ಉಣ್ಣಬಹುದು. ನಮ್ಮ ಕಡೆಯ ಮಸಾಲಿ ಅನ್ನ, ಝುಣಕ, ಪುಂಡಿ ಪಲ್ಯ, ಜೋಳದ ನುಚ್ಚು ಎಲ್ಲವೂ ಒಂದೇ ಪಾತ್ರೆಯಲ್ಲಿ ಮುಗಿಯುವ ಅಡಿಗೆಗಳು.

ಎರಡು ಮೂರು ಪಾತ್ರೆ ಇದ್ದಾಗ ಬೇಳೆ ಒಂದರಲ್ಲಿ ಬೇಯುತ್ತದೆ, ಒಗ್ಗರಣೆ ಇನ್ನೊಂದರಲ್ಲಿ ಸಿಡಿಯುತ್ತದೆ, ಒಂದು ಕೆಟ್ಟರೆ ಅದೊಂದನ್ನೇ ಮತ್ತೆ ಮಾಡಿದರಾಯಿತು. ಒಂದೇ ಪಾತ್ರೆಗೆ ಈ ಅನುಕೂಲ ಇಲ್ಲ. ಒಮ್ಮೆ ಬಿದ್ದ ಹುಣಸೆಹುಳಿಯನ್ನು ಹೊರಗೆ ತೆಗೆಯಲು ಬರುವುದಿಲ್ಲ, ಹೆಚ್ಚಾದ ನೀರನ್ನು ಅನ್ನದಿಂದ ಬಸಿಯಲೂ ಬರುವುದಿಲ್ಲ. ಅದಕ್ಕೇ ಇಲ್ಲಿ ಕೈರುಚಿಗಿಂತ ಮೊದಲು ಎರಡು ಲೆಕ್ಕ ಗೊತ್ತಿರಬೇಕು: ಯಾವ ಸಾಮಾನು ಯಾವಾಗ ಬೀಳಬೇಕು, ಒಟ್ಟು ನೀರು ಎಷ್ಟು.

ಪಾತ್ರೆ ಮತ್ತು ಅಳತೆ

ಒಂದೇ ಪಾತ್ರೆ ಕೊಳ್ಳುವುದಾದರೆ 3 ಲೀಟರಿನ, ತಳ ದಪ್ಪಗಿರುವ ಸ್ಟೀಲ್ ಕುಕ್ಕರ್ ಕೊಳ್ಳಿ. ಮುಚ್ಚಳ ಹಾಕಿದರೆ ಕುಕ್ಕರ್, ತೆಗೆದರೆ ಬೋಗುಣಿ. ಅಲ್ಯೂಮಿನಿಯಂ ಅಗ್ಗ ನಿಜ, ಆದರೆ ಪುಂಡಿ, ಹುಣಸೆ, ಟೊಮೆಟೊದಂಥ ಹುಳಿ ಪದಾರ್ಥ ಅದರಲ್ಲಿ ಹೆಚ್ಚು ಹೊತ್ತು ಕುದಿದರೆ ಲೋಹದ ವಾಸನೆ ಬರುತ್ತದೆ. ಕಬ್ಬಿಣದ ಕಡಾಯಿಗೂ ಇದೇ ತೊಂದರೆ, ಅಡಿಗೆ ಕಪ್ಪಾಗುತ್ತದೆ. ಇಂಡಕ್ಷನ್ ಮೇಲೆ ಬರಿ ಅಲ್ಯೂಮಿನಿಯಂ ಕಾಯುವುದೇ ಇಲ್ಲ. ಕೊಳ್ಳುವಾಗ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ನಡೆಯುತ್ತದೆ. ತೆಳು ಸ್ಟೀಲ್ ಬೋಗುಣಿ ಮಾತ್ರ ಬೇಡ. ಉರಿ ಬಿದ್ದ ಜಾಗದಲ್ಲಷ್ಟೇ ಕಾಯುವ ಅದು ಹಿಟ್ಟಿನ ಅಡಿಗೆ ಏನೇ ಮಾಡಿದರೂ ನಡುವೆ ಸೀಯಿಸುತ್ತದೆ. ಇಂಡಕ್ಷನ್‌ನಲ್ಲೂ ಕಾವು ನಡುವಿನ ಬಳೆಯಷ್ಟು ಜಾಗದಲ್ಲೇ ಜೋರು. ಒಗ್ಗರಣೆ, ಹಿಟ್ಟು, ರವೆ ಇದ್ದಾಗ ಅದನ್ನು ಕಡಿಮೆಗೆ ಇಟ್ಟುಕೊಳ್ಳಿ, ನೀರು ಕುದಿಸುವಾಗ ಮಾತ್ರ ಏರಿಸಿ.

ಅಳತೆಗೆ 200 ಮಿಲಿ ಹಿಡಿಯುವ ಒಂದು ಸ್ಟೀಲ್ ಲೋಟ ಗೊತ್ತುಮಾಡಿಕೊಳ್ಳಿ. ಅಕ್ಕಿ, ಹಿಟ್ಟು, ನೀರು ಎಲ್ಲಕ್ಕೂ ಅದೇ ಲೋಟ. ಇಲ್ಲಿ ಬರೆದ ಅಳತೆಗಳೆಲ್ಲ ಆ ಲೋಟದವು, ಇಬ್ಬರ ಊಟಕ್ಕೆ.

ಮಸಾಲಿ ಅನ್ನ

ಬೇಕಾಗುವುದು: ಸೋನಾಮಸೂರಿ ಅಕ್ಕಿ 1 ಲೋಟ, ಶೇಂಗಾ ಎಣ್ಣೆ 3 ದೊಡ್ಡ ಚಮಚ, ಸಾಸಿವೆ ಮತ್ತು ಜೀರಿಗೆ ಅರ್ಧರ್ಧ ಸಣ್ಣ ಚಮಚ, ಒಂದು ಹಿಡಿ ಶೇಂಗಾ, ಉಳ್ಳಾಗಡ್ಡಿ 2, ಸಣ್ಣ ಬದನೆಕಾಯಿ 4 ಅಥವಾ ಒಂದು ಡೊಣ್ಣಮೆಣಸಿನಕಾಯಿ ಮತ್ತು ಒಂದು ಆಲೂಗಡ್ಡೆ, ಕರಿಬೇವು, ಚಿಟಿಕೆ ಅರಿಶಿಣ, ಮನೆಯ ಮಸಾಲಿ ಖಾರ 2 ಸಣ್ಣ ಚಮಚ, ಉಪ್ಪು ಒಂದೂಕಾಲು ಸಣ್ಣ ಚಮಚ, ಗೋಲಿಯಷ್ಟು ಹುಣಸೆಹಣ್ಣು, ಅದರಷ್ಟೇ ಬೆಲ್ಲ.

ಅಕ್ಕಿಯನ್ನು ಎರಡು ಸಲ ತೊಳೆದು 15 ನಿಮಿಷ ನೆನೆಸಿ, ನೀರು ಪೂರ್ತಿ ಬಸಿದಿಡಿ. ಬಸಿಯದೆ ಹಾಕಿದರೆ ಅಕ್ಕಿಯ ಜೊತೆಗೆ ಕಾಲು ಲೋಟ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತದೆ. ಅನ್ನ ಮುದ್ದೆಯಾಯಿತು ಎಂದು ಬೇಸರಪಡುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ಅದು ತಕ್ಷಣ ಸಿಡಿದರೆ ಉಳಿದದ್ದನ್ನು ಹಾಕಿ. ಶೇಂಗಾ ಹಾಕಿ ಕೆಂಪಾಗುವವರೆಗೆ ಹುರಿದು, ಆಮೇಲೆ ಜೀರಿಗೆ, ಕರಿಬೇವು, ಉಳ್ಳಾಗಡ್ಡಿ. ಶೇಂಗಾ ಉಳ್ಳಾಗಡ್ಡಿಯ ನಂತರ ಬಿದ್ದರೆ ಹುರಿಯುವುದಿಲ್ಲ, ಉಳ್ಳಾಗಡ್ಡಿಯ ನೀರಿನಲ್ಲಿ ಮೆತ್ತಗಾಗುತ್ತದೆ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಕಾಯಿಪಲ್ಯ ಮತ್ತು ಅರಿಶಿಣ ಹಾಕಿ ಎರಡು ನಿಮಿಷ ಕೈಯಾಡಿಸಿ.

ಈಗ ಖಾರ. ಇಲ್ಲಿ ಸ್ವಲ್ಪ ನಿಂತು ಕೆಲಸ ಮಾಡಬೇಕು. ನಮ್ಮ ಕಡೆಯ ಮಸಾಲಿ ಖಾರದ ಜೀವ ಇರುವುದು ಬ್ಯಾಡಗಿ ಮೆಣಸಿನಕಾಯಿಯಲ್ಲಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಇದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಹಾಕಿದ ಮೇಲೆ ಖಾರಪುಡಿ ಹಾಕಿದರೆ ಅನ್ನ ಇಟ್ಟಿಗೆ ಪುಡಿ ಕಲಸಿದಂತೆ ಮಂಕಾಗುವುದು ಇದರಿಂದಲೇ. ಹಾಗೆಂದು ಉರಿಯುವ ಒಲೆಯ ಮೇಲಿನ ಎಣ್ಣೆಗೆ ಪುಡಿ ಸುರಿದರೆ ಕ್ಷಣದಲ್ಲಿ ಕರಿದಾಗಿ ಕಹಿಯಾಗುತ್ತದೆ, ಘಾಟಿಗೆ ಪಕ್ಕದ ರೂಮಿನವರೂ ಕೆಮ್ಮುತ್ತಾರೆ. ಮೊದಲು ಒಲೆ ಆರಿಸಿ. ಕಾಯಿಪಲ್ಯವನ್ನು ಸೌಟಿನಿಂದ ಬದಿಗೆ ಸರಿಸಿದರೆ ನಡುವೆ ಎಣ್ಣೆ ಕೂಡುತ್ತದೆ. ಅಲ್ಲಿಗೆ ಖಾರ ಹಾಕಿ ಹತ್ತು ಎಣಿಸುವವರೆಗೆ ಕಲಸಿ. ಎಣ್ಣೆಯ ಅಂಚು ಕುಂಕುಮದ ಹಾಗೆ ಕೆಂಪಾಗಿ ಪುಡಿಯಿಂದ ಬಿಟ್ಟು ನಿಲ್ಲುವುದು ಕಣ್ಣಿಗೆ ಕಾಣುತ್ತದೆ. ಅದು ಕಂಡ ಕೂಡಲೇ ಬಸಿದ ಅಕ್ಕಿ ಹಾಕಿ, ಪ್ರತಿ ಕಾಳಿಗೂ ಎಣ್ಣೆ ಹತ್ತುವಂತೆ ತಿರುವಿ, ಮತ್ತೆ ಒಲೆ ಹಚ್ಚಿ.

ನೀರು 2 ಲೋಟ. ಹುಣಸೆ ಕಿವುಚಿದ ರಸವೂ ಈ ಎರಡು ಲೋಟದ ಒಳಗೇ ಬರಬೇಕು. ಹುಣಸೆಯ ಬದಲು ಎರಡು ದೊಡ್ಡ ಟೊಮೆಟೊ ಹಾಕಿದರೆ ಕಾಲು ಲೋಟ ನೀರು ಕಡಿಮೆ ಮಾಡಿ. ಹೊಸ ಅಕ್ಕಿಯಾದರೆ ಒಂದೂಮುಕ್ಕಾಲು ಲೋಟ ಸಾಕು, ವರ್ಷ ಕಳೆದ ಹಳೆ ಅಕ್ಕಿ ಎರಡೂಕಾಲು ಲೋಟ ಕುಡಿಯುತ್ತದೆ. ಉಪ್ಪು, ಬೆಲ್ಲ ಹಾಕಿ ಕಲಸಿ ನೀರಿನ ರುಚಿ ನೋಡಿ. ಆ ನೀರು ನಾಲಿಗೆಗೆ ಒಂದು ಎಳೆ ಹೆಚ್ಚು ಉಪ್ಪು ಎನಿಸಬೇಕು, ಅಕ್ಕಿ ಅದನ್ನು ಹೀರಿಕೊಂಡಾಗ ಸರಿಹೋಗುತ್ತದೆ. ಮುಚ್ಚುವ ಮೊದಲು ಸೌಟಿನಿಂದ ತಳವನ್ನು ಒಮ್ಮೆ ಕೆರೆಯಿರಿ. ಹುರಿಯುವಾಗ ತಳಕ್ಕೆ ಹಿಡಿದ ಮಸಾಲೆ ಅಲ್ಲೇ ಉಳಿದರೆ ಸೀಟಿ ಬರುವುದರೊಳಗೆ ಸೀದು ಇಡೀ ಅನ್ನಕ್ಕೆ ವಾಸನೆ ಹತ್ತುತ್ತದೆ.

ನಡುವಿನ ಉರಿಯಲ್ಲಿ ಎರಡು ಸೀಟಿ, ಆಮೇಲೆ ಆರಿಸಿ ಹತ್ತು ನಿಮಿಷ ಮುಟ್ಟಬೇಡಿ. ಸೀಟಿ ಎತ್ತಿ ಹಬೆ ಬಿಟ್ಟರೆ ಮೇಲಿನ ಅಕ್ಕಿ ಅರೆಬೆಂದು, ತಳದಲ್ಲಿ ನೀರು ನಿಲ್ಲುತ್ತದೆ. ಕುಕ್ಕರ್ ಇಲ್ಲದಿದ್ದರೆ ಕುದಿ ಬಂದ ಮೇಲೆ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಆರಿಸಿ ಮತ್ತೆ ಹತ್ತು ನಿಮಿಷ. ಹಬೆ ಹೊರಗೆ ಹೋಗುವುದರಿಂದ ಅರ್ಧ ಲೋಟ ನೀರು ಹೆಚ್ಚು ಬೇಕು.

ಖಿಚಡಿ, ಮತ್ತು ಬೇಯದ ಬೇಳೆ

ಖಿಚಡಿಗೆ ಅಕ್ಕಿ 1 ಲೋಟ, ಹೆಸರುಬೇಳೆ ಅರ್ಧ ಲೋಟ, ನೀರು 5 ಲೋಟ, ಮೂರು ಸೀಟಿ. ಹೆಸರುಬೇಳೆಯೂ ಅಕ್ಕಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇಯುವುದರಿಂದ ಇದರಲ್ಲಿ ಕೆಡುವಂಥದ್ದು ಬಹಳ ಇಲ್ಲ. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಬೇಳೆಯ ನೊರೆ ಮೇಲೆದ್ದು ಸೀಟಿಯ ತೂತು ಕಟ್ಟುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಇಳಿಯುತ್ತದೆ.

ಹೆಸರುಬೇಳೆಯ ಜಾಗದಲ್ಲಿ ತೊಗರಿಬೇಳೆ ಹಾಕುವುದಾದರೆ ಅಕ್ಕಿಗಿಂತ ಮೊದಲೇ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿಡಬೇಕು. ಇಲ್ಲದಿದ್ದರೆ ಅನ್ನ ಗಂಜಿಯಾದರೂ ಬೇಳೆ ಹಲ್ಲಿಗೆ ಸಿಗುತ್ತದೆ. ಗದಗ ಜಿಲ್ಲೆಯ ಇಡಿ ಹೆಸರುಕಾಳು ಮನೆಯಲ್ಲಿದ್ದರೆ ನಾಲ್ಕು ತಾಸು ನೆನೆಸಿ ಹಾಕಿ.

ಎಷ್ಟು ಸೀಟಿ ಕೂಗಿಸಿದರೂ ತೊಗರಿಬೇಳೆ ಬೇಯುವುದಿಲ್ಲ ಎಂಬ ದೂರಿಗೆ ಕಾರಣ ಮೂರು. ಬೇಳೆ ಹಳೆಯದಿರಬಹುದು. ಬೋರ್‌ವೆಲ್ ನೀರು ಗಡಸಾಗಿದ್ದು, ಅದರಲ್ಲಿನ ಕ್ಯಾಲ್ಸಿಯಂ ಕಾಳಿನ ಗೋಡೆಯನ್ನು ಗಟ್ಟಿ ಮಾಡುತ್ತಿರಬಹುದು. ಇಲ್ಲವೇ ನೀವು ಹುಳಿಯನ್ನು ಮೊದಲೇ ಹಾಕಿರಬಹುದು, ಹುಳಿಯಲ್ಲಿ ಬೇಳೆ ಮೆತ್ತಗಾಗುವುದು ಬಹಳ ನಿಧಾನ. ಹುಬ್ಬಳ್ಳಿ–ಧಾರವಾಡದ ನಳಕ್ಕೆ ಬರುವ ಮಲಪ್ರಭೆ ನೀರನ್ನು ಬೇಳೆ ಬೇಯಿಸಲು ಎತ್ತಿಟ್ಟುಕೊಳ್ಳಿ, ಬೋರ್ ನೀರು ತೊಳೆಯಲು ಸಾಕು. ಅಡಿಗೆ ಸೋಡಾ ಹಾಕುವ ರೂಢಿ ಕೆಲವರಿಗಿದೆ. ಬೇಳೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಚಿಟಿಕೆ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ನೆನೆಸುವುದೇ ಒಳ್ಳೆಯ ದಾರಿ.

ಪುಂಡಿ ಪಲ್ಯ

ಹುಳಿ ಯಾವಾಗ ಬೀಳಬೇಕು ಎಂಬುದನ್ನು ಕಲಿಸುವ ಅಡಿಗೆ ಇದು, ಏಕೆಂದರೆ ಇಲ್ಲಿ ಸೊಪ್ಪೇ ಹುಳಿ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದರೆ ತೊಗರಿಬೇಳೆ ಕಾಳುಕಾಳಾಗಿ ಉಳಿದುಬಿಡುತ್ತದೆ.

ತೊಗರಿಬೇಳೆ ಕಾಲು ಲೋಟ, ಜೋಳದ ನುಚ್ಚು 2 ದೊಡ್ಡ ಚಮಚ, ಒಂದು ಹಿಡಿ ಶೇಂಗಾ — ಮೂರನ್ನೂ ಅರ್ಧ ಗಂಟೆ ನೆನೆಸಿ. ಎರಡು ಸಿವುಡು ಪುಂಡಿಯ ಎಲೆ ಮಾತ್ರ ಬಿಡಿಸಿ, ತೊಳೆದು ಸಣ್ಣಗೆ ಹೆಚ್ಚಿ. ದಂಟು ನಾರು, ಬೇಡ.

ಒಂದೇ ಪಾತ್ರೆ ಇರುವಾಗ ಕೊನೆಯ ಒಗ್ಗರಣೆ ಎಲ್ಲಿ ಮಾಡುವುದು ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಮೊದಲೇ ಮಾಡಿಬಿಡಿ. 3 ಚಮಚ ಎಣ್ಣೆಯಲ್ಲಿ ಜಜ್ಜಿದ ಹತ್ತು ಎಸಳು ಬಳ್ಳೊಳ್ಳಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದು, ಬಳ್ಳೊಳ್ಳಿಯನ್ನೂ ಅರ್ಧ ಎಣ್ಣೆಯನ್ನೂ ಒಂದು ವಾಟಗಕ್ಕೆ ತೆಗೆದಿಡಿ. ಉಳಿದ ಎಣ್ಣೆಗೆ ಸೀಳಿದ ಆರೇಳು ಹಸಿಮೆಣಸಿನಕಾಯಿ, ಅರಿಶಿಣ, ನೆನೆದ ಬೇಳೆ–ನುಚ್ಚು–ಶೇಂಗಾ, ಎರಡೂವರೆ ಲೋಟ ನೀರು. ನುಚ್ಚು ತಳಕ್ಕೆ ಕೂತು ಸೀಯುವ ಗುಣದ್ದು, ಆದ್ದರಿಂದ ಕುದಿ ಬರುವವರೆಗೆ ತಿರುವುತ್ತ ಇದ್ದು ಆಮೇಲೆ ಮುಚ್ಚಳ ಹಾಕಿ. ನಾಲ್ಕು ಸೀಟಿ. ಒತ್ತಡ ತಾನಾಗಿ ಇಳಿದ ಮೇಲೆ ತೆಗೆದು, ಒಂದು ಬೇಳೆಯನ್ನು ಬೆರಳಿನಲ್ಲಿ ಹಿಸುಕಿ ನೋಡಿ. ಬೆಣ್ಣೆಯ ಹಾಗೆ ಜಾರಿದರೆ ಮಾತ್ರ ಪುಂಡಿ ಹಾಕಿ. ಇಲ್ಲದಿದ್ದರೆ ಇನ್ನೆರಡು ಸೀಟಿ. ಸೊಪ್ಪು ಬಿದ್ದ ಮೇಲೆ ಬೇಳೆ ಇನ್ನು ಬೇಯಲಿಕ್ಕಿಲ್ಲ ಎಂದೇ ತಿಳಿದು ನಡೆಯಿರಿ.

ಪುಂಡಿ ಹಾಕಿ, ಒಂದು ಸಣ್ಣ ಚಮಚ ಉಪ್ಪು ಹಾಕಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಕುದಿಸಿ. ಎಲೆಯ ಹಸಿರು ಮಂಕಾಗಿ ಕಂದುಬಣ್ಣಕ್ಕೆ ತಿರುಗುವುದು ಸಹಜ, ಹುಳಿ ಸೊಪ್ಪಿನ ಬಣ್ಣವೇ ಹಾಗೆ. ಸೌಟಿನ ಬೆನ್ನಿನಿಂದ ಮಸೆದು, ತೆಗೆದಿಟ್ಟ ಬಳ್ಳೊಳ್ಳಿ ಎಣ್ಣೆ ಮೇಲೆ ಸುರಿಯಿರಿ. ಹುಳಿ ಬಹಳ ಎನಿಸಿದರೆ ನೀರು ಸುರಿಯಬೇಡಿ, ಒಂದು ಚಮಚ ಶೇಂಗಾ ಪುಡಿ ಹಾಕಿ. ರೊಟ್ಟಿ ಬಡಿಯಲು ಬಾರದವರಿಗೆ ಅಂಗಡಿಯಲ್ಲಿ ಕಡಕ್ ರೊಟ್ಟಿ ಸಿಗುತ್ತದೆ, ಅದರ ಜೊತೆ ಇದು ಎರಡು ದಿನದ ಊಟ. ಮರುದಿನ ಇನ್ನೂ ರುಚಿ.

ಝುಣಕ

ಕಡ್ಲಿಹಿಟ್ಟು, ಉಳ್ಳಾಗಡ್ಡಿ, ನೀರು — ತರಕಾರಿ ಮುಗಿದ ದಿನದ ಅಡಿಗೆ. ಇಪ್ಪತ್ತೈದು ನಿಮಿಷದಲ್ಲಿ ಆಗುತ್ತದೆ, ಅಷ್ಟೇ ಬೇಗ ಗಂಟಾಗಿ ಕೆಡುತ್ತದೆ ಕೂಡ.

ಗಂಟು ಯಾಕೆ ಆಗುತ್ತದೆ ಎಂದು ತಿಳಿದರೆ ಹೆದರಿಕೆ ಹೋಗುತ್ತದೆ. ಒಣ ಹಿಟ್ಟು ಕುದಿಯುವ ನೀರಿಗೆ ಬಿದ್ದ ಕೂಡಲೇ ಅದರ ಹೊರಮೈ ಬೆಂದು ಅಂಟಾಗಿ ಒಂದು ಚೀಲ ಕಟ್ಟಿಕೊಳ್ಳುತ್ತದೆ. ಆಮೇಲೆ ಒಳಗಿನ ಒಣಹಿಟ್ಟಿಗೆ ನೀರು ತಲುಪುವುದೇ ಇಲ್ಲ. ಆದ್ದರಿಂದ ಹಿಟ್ಟನ್ನು ತಣ್ಣೀರಿನಲ್ಲಿ ಮೊದಲೇ ಕರಡಬೇಕು. 1 ಲೋಟ ಹಿಟ್ಟನ್ನು, ಅಂದರೆ ಸುಮಾರು 100 ಗ್ರಾಂ, ಉಣ್ಣುವ ತಾಟಿಗೆ ಹಾಕಿ. ಒಮ್ಮೆಲೇ ನೀರು ಸುರಿಯದೆ ಕಾಲು ಲೋಟ ಹಾಕಿ ಗಟ್ಟಿಯಾಗಿ ಕಲಸಿ, ಗಂಟೆಲ್ಲ ಒಡೆದ ಮೇಲೆ ಇನ್ನು ಮುಕ್ಕಾಲು ಲೋಟ ಹಾಕಿ ತೆಳ್ಳಗೆ ಮಾಡಿ.

ಕಡಾಯಿಯಲ್ಲಿ 4 ಚಮಚ ಎಣ್ಣೆ. ಎಣ್ಣೆಯಲ್ಲಿ ಜಿಪುಣತನ ಬೇಡ, ಒಣಗಿದ ಝುಣಕ ಗಂಟಲಲ್ಲಿ ಇಳಿಯುವುದಿಲ್ಲ. ಸಾಸಿವೆ, ಜೀರಿಗೆ, ಕರಿಬೇವು, ಆರು ಎಸಳು ಬಳ್ಳೊಳ್ಳಿಯ ಜೊತೆ ಕುಟ್ಟಿದ ನಾಲ್ಕು ಹಸಿಮೆಣಸಿನಕಾಯಿ, ಉದ್ದಕ್ಕೆ ಹೆಚ್ಚಿದ ಎರಡು ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದರೆ ಸಾಕು, ಕೆಂಪಾಗಬಾರದು. ಅರಿಶಿಣ, ಮುಕ್ಕಾಲು ಸಣ್ಣ ಚಮಚ ಉಪ್ಪು, 1 ಲೋಟ ನೀರು. ನೀರು ಮರಳಿದ ಮೇಲೆ ಉರಿ ಸಣ್ಣ ಮಾಡಿ, ತಳಕ್ಕೆ ಕೂತ ಹಿಟ್ಟನ್ನು ಕರಡಿಕೊಂಡು, ಒಂದು ಕೈಯಿಂದ ಎಳೆಯಾಗಿ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಿ.

ಮೊದಲ ಒಂದು ನಿಮಿಷ ಏನೂ ಆಗದು, ತೆಳು ಸಾರಿನ ಹಾಗೇ ಇರುತ್ತದೆ. ಆಮೇಲೆ ಸೌಟಿಗೆ ಒಮ್ಮೆಲೇ ಭಾರ ಬರುತ್ತದೆ, ಅಂಚಿನಿಂದ ಗಟ್ಟಿಯಾಗುತ್ತ ಬಂದು ‘ಪಚಕ್ ಪಚಕ್’ ಎಂದು ಗುಳ್ಳೆ ಒಡೆಯುತ್ತದೆ. ಆ ಗುಳ್ಳೆ ಕೈಗೆ ಸಿಡಿದರೆ ಬೊಬ್ಬೆ ಬರುವಷ್ಟು ಬಿಸಿ, ಉದ್ದ ಹಿಡಿಕೆಯ ಸೌಟು ಬಳಸಿ. ಇಲ್ಲಿ ಕೈ ನಿಲ್ಲಿಸಿದವರ ಝುಣಕ ತಳ ಹಿಡಿಯುತ್ತದೆ. ನಾಲ್ಕೈದು ನಿಮಿಷ ತಿರುವಿದ ಮೇಲೆ ಮುದ್ದೆ ಕಡಾಯಿಯ ಬದಿಯನ್ನು ಬಿಡುತ್ತದೆ. ಆಯಿತು ಎಂದು ಹೆಚ್ಚಿನವರು ಇಳಿಸುವುದು ಈಗಲೇ, ಹಸಿಹಿಟ್ಟಿನ ವಾಸನೆ ಉಳಿಯುವುದೂ ಈ ಅವಸರದಿಂದಲೇ. ತಟ್ಟೆ ಮುಚ್ಚಿ ತೀರ ಸಣ್ಣ ಉರಿಯಲ್ಲಿ ಇನ್ನು ಏಳು ನಿಮಿಷ ಬಿಡಿ, ನಡುವೆ ಒಮ್ಮೆ ಎರಡು ಚಮಚ ನೀರು ಚಿಮುಕಿಸಿ ತಿರುವಿ. ಒದ್ದೆ ಬೆರಳಿನಿಂದ ಒತ್ತಿದರೆ ಅಂಟದೆ, ಮೇಲೆ ಎಣ್ಣೆಯ ಹೊಳಪು ಕಂಡರೆ ಬೆಂದಿದೆ.

ಎಣ್ಣೆ ಸವರಿದ ತಾಟಿಗೆ ಸುರಿದು ತಟ್ಟಿ, ಕೊತಂಬರಿ, ಒಣಕೊಬ್ಬರಿ ಉದುರಿಸಿ, ಆರಿದ ಮೇಲೆ ಕೊಯ್ದರೆ ಝುಣಕದ ವಡಿ. ಅನ್ನಕ್ಕೆ ಕಲಸಿಕೊಳ್ಳುವಷ್ಟು ಸಡಿಲು ಬೇಕೆಂದರೆ ಒಟ್ಟು ನೀರು ಮೂರೂವರೆ ಲೋಟಕ್ಕೆ ಏರಿಸಿ, ಉಪ್ಪೂ ಸ್ವಲ್ಪ ಏರಿಸಿ. ಕಡಾಯಿಯ ತಳದಲ್ಲಿ ಹಪ್ಪಳದ ಹಾಗೆ ಹಿಡಿದ ಕೆಂಪು ಪದರ ಸೀದಿರದಿದ್ದರೆ ಅದನ್ನು ಎಬ್ಬಿಸಿ ತಿನ್ನಿ, ಝುಣಕದ ರುಚಿಯಾದ ಭಾಗ ಅದೇ.

ಉಪ್ಪಿಟ್ಟು, ನುಚ್ಚು

ಉಪ್ಪಿಟ್ಟಿಗೆ ಕಡಾಯಿ ತೊಳೆಯದೆ ಮೂರು ಕೆಲಸ ಮಾಡಬಹುದು, ಒಣದ್ದು ಮೊದಲು ಮಾಡಿದರೆ. ಮೊದಲು ಶೇಂಗಾ ಹುರಿದು ತೆಗೆಯಿರಿ, ಅದರಲ್ಲೇ ರವೆ ಘಮ ಬರುವವರೆಗೆ ಹುರಿದು ತಾಟಿಗೆ ಸುರಿಯಿರಿ, ಕೊನೆಗೆ ಎಣ್ಣೆ ಹಾಕಿ ಒಗ್ಗರಣೆ. ಸಣ್ಣ ರವೆಗೆ ಎರಡೂವರೆ ಪಟ್ಟು ನೀರು, ಬನ್ಸಿ ರವೆಗೆ ಮೂರು ಪಟ್ಟು. ನೀರು ಕೊತಕೊತ ಕುದಿಯುವ ಮೊದಲೇ ರವೆ ಹಾಕಿದರೆ ಅಂಟಂಟಾಗುತ್ತದೆ.

ಜೋಳದ ನುಚ್ಚಿಗೆ ತಾಳ್ಮೆ ಒಂದೇ ಬೇಕು. 1 ಲೋಟ ನುಚ್ಚು ಒಂದು ತಾಸು ನೆನೆಸಿ, 4 ಲೋಟ ಕುದಿನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಆಗಾಗ ತಳ ಮುಟ್ಟಿ ತಿರುವುತ್ತ. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ತುಸು ತೆಳ್ಳಗಿರುವಾಗಲೇ ಇಳಿಸಿ. ಮಜ್ಜಿಗೆ, ಉಪ್ಪು, ಒಂದು ಚಮಚ ಕೆಂಪು ಚಟ್ನಿ. ಬೇಸಿಗೆಯ ಮಧ್ಯಾಹ್ನಕ್ಕೆ ಇದಕ್ಕಿಂತ ತಂಪಾದ ಊಟ ಇಲ್ಲ.

ಸೀದ ಮೇಲೆ, ಉಳಿದ ಮೇಲೆ

ಸೀದ ವಾಸನೆ ಬಂದರೆ ತಿರುವಬೇಡಿ, ಕೆರೆಯಲೂ ಬೇಡಿ. ತಿರುವಿದರೆ ತಳದ ಕಹಿ ಮೇಲಕ್ಕೆಲ್ಲ ಹರಡುತ್ತದೆ. ಒಲೆ ಆರಿಸಿ, ಮೇಲಿನ ಭಾಗವನ್ನು ಮಾತ್ರ ಸೌಟಿನಿಂದ ಮೆಲ್ಲಗೆ ತಾಟಿಗೆ ತೆಗೆದು ಒಂದು ತುತ್ತು ರುಚಿ ನೋಡಿ. ವಾಸನೆ ಇಲ್ಲದಿದ್ದರೆ ಅಷ್ಟು ಉಳಿಯಿತು.

ಮಸಾಲಿ ಅನ್ನವಾಗಲಿ ಖಿಚಡಿಯಾಗಲಿ ಬೆಳಿಗ್ಗೆ ಮಾಡಿದ್ದನ್ನು ಮುಚ್ಚಿದ ಕುಕ್ಕರಿನಲ್ಲೇ ರಾತ್ರಿಯವರೆಗೆ ಬಿಡಬೇಡಿ. ಬೆಂದ ಅನ್ನದಲ್ಲೂ ಬದುಕಿ ಉಳಿಯುವ ಸೂಕ್ಷ್ಮಾಣುಗಳ ಬೀಜಕಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೇಗ ಬೆಳೆಯುತ್ತವೆ, ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ತಾಸಿನೊಳಗೆ ಫ್ರಿಜ್‌ಗೆ ಇಡಲು ಆಗದಿದ್ದರೆ ಒಂದು ಹೊತ್ತಿಗೆ ಸಾಕಾಗುವಷ್ಟೇ ಮಾಡಿ.

ಉಣ್ಣಲು ಕೂಡುವ ಮುನ್ನ ಖಾಲಿಯಾದ ಪಾತ್ರೆಗೆ ಒಂದು ಲೋಟ ನೀರು ಹಾಕಿಡಿ. ಅನ್ನದ ಪಾತ್ರೆಗೆ ಬಿಸಿನೀರು ನಡೆಯುತ್ತದೆ. ಝುಣಕದ ಕಡಾಯಿಗೆ ತಣ್ಣೀರೇ ಹಾಕಿ, ಬಿಸಿನೀರು ಬಿದ್ದರೆ ಅಂಟಿದ ಹಿಟ್ಟು ಇನ್ನಷ್ಟು ಬೆಂದು ಗಟ್ಟಿಯಾಗಿ ಕೂಡುತ್ತದೆ. ಸೀದ ತಳಕ್ಕೆ ಒಂದು ಚಮಚ ಅಡಿಗೆ ಸೋಡಾ, ಎರಡು ಲೋಟ ನೀರು ಹಾಕಿ ಐದು ನಿಮಿಷ ಕುದಿಸಿ ರಾತ್ರಿಯೆಲ್ಲ ಬಿಟ್ಟರೆ, ಬೆಳಿಗ್ಗೆ ಕಟ್ಟಿಗೆಯ ಸೌಟಿನಿಂದಲೇ ಪದರವಾಗಿ ಎದ್ದುಬರುತ್ತದೆ.